ಒರಗುವ ಪಾಠ

ನಾನು ಕಾಲು ಮುಂದಾಗಿ ಹುಟ್ಟಿದವಳು. ನಮ್ಮ ಮಾಗಡಿ ಕಡೆ ಹೀಗೆ ಹುಟ್ಟಿದ ಮಕ್ಕಳಿಗೆ ಬಿಡುವೇ ಇರುವುದಿಲ್ಲ. ಯಾರಿಗೆ ಸೊಂಟ ಹಿಡಿದುಕೊಂಡರೂ ಮನೆ ಬಾಗಿಲಿಗೆ ಬಂದು ಬೆನ್ನು ತಿರುಗಿಸಿ ನಿಲ್ಲುತ್ತಾರೆ. ನೋವಿರುವ ಜಾಗಕ್ಕೆ ನಾವು ಮೆಲ್ಲಗೆ ಒದ್ದರೆ ನೋವು ಬಿಟ್ಟುಹೋಗುತ್ತದೆ ಎಂದು ನಂಬಿಕೆ. ತಿಪ್ಪಸಂದ್ರದ ಹತ್ತಿರದ ನಮ್ಮೂರಿನಲ್ಲಿ ನನ್ನಿಂದ ಒದೆಸಿಕೊಳ್ಳದ ಹಿರಿಯರಿಲ್ಲ. ಶಾಲೆಯ ಮೇಷ್ಟ್ರನ್ನೂ ಒದ್ದಿದ್ದೇನೆ, ಅದೂ ಅವರೇ ಬಂದು ಕೇಳಿಕೊಂಡ ಮೇಲೆ. ಹಾಗಾಗಿ ಮುಂದೆ ನಾನು ಮಸಾಜು ಮಾಡುವ ಕೆಲಸಕ್ಕೆ ಸೇರಿದಾಗ ಊರಿನಲ್ಲಿ ಯಾರೂ ಹುಬ್ಬೇರಿಸಲಿಲ್ಲ. "ಕಾಲಿಂದ ಕೈಗೆ ಪ್ರಮೋಷನ್ ಆಯ್ತು ಬುಡು" ಎಂದು ನಮ್ಮ ದೊಡ್ಡಪ್ಪ ನಕ್ಕರು.

ಕೆಲಸ ಸಿಕ್ಕಿದ್ದು ರಾಮನಗರದ ಆಚೆ, ಮೈಸೂರು ರಸ್ತೆಯಿಂದ ಸ್ವಲ್ಪ ಒಳಗಿದ್ದ ಒಂದು ಪ್ರಕೃತಿ ಚಿಕಿತ್ಸಾಲಯದಲ್ಲಿ. ರಾಮನಗರ ಜಿಲ್ಲೆಯಾದ ಹೊಸತು. ರಸ್ತೆ ಅಗಲವಾಗಿ, ಬದಿಯ ಹೊಲಗಳು ಹೋಗಿ, ಕಾರ್ಖಾನೆಗಳ ಕಾಂಪೌಂಡು ಗೋಡೆಗಳು ಎದ್ದಿದ್ದವು. ಕಾರ್ಖಾನೆಗಳ ಹಿಂದೆಯೇ ಹೊಸ ಹೊಸ ನೋವುಗಳೂ ಬಂದವು. ನಾಟಿ ಹಾಕಿ, ಕಳೆ ಕಿತ್ತು ಬರುವ ಸೊಂಟನೋವು ನಮಗೆ ಗೊತ್ತಿದ್ದದ್ದೇ. ಗಾರ್ಮೆಂಟ್ಸಿನಲ್ಲಿ ದಿನವಿಡೀ ಬಗ್ಗಿ ಹೊಲಿಯುವ ಹುಡುಗಿಯರ ಹೆಗಲು ಮಾತ್ರ ಬೇರೆಯೇ ತರಹ, ಮುಟ್ಟಿದರೆ ಒಣಹಲಗೆ ಮುಟ್ಟಿದ ಹಾಗೆ. ಭಾನುವಾರ ಬಂತೆಂದರೆ ಅವರು ಗುಂಪಾಗಿ ಬಂದು ಬೆಂಚಿನ ಮೇಲೆ ಸಾಲಾಗಿ ಕೂತು, ಒಬ್ಬರ ಕತ್ತು ಒಬ್ಬರು ಹಿಸುಕಿಕೊಳ್ಳುತ್ತಾ ಸರದಿಗೆ ಕಾಯುತ್ತಿದ್ದರು.

ನನ್ನ ಕೈ ಹಿಡಿದು ಈ ಕೆಲಸ ಕಲಿಸಿದವರು ಅಲ್ಲಿ ನನಗಿಂತ ಮೊದಲೇ ಇದ್ದ ಒಬ್ಬ ಹೆಂಗಸು. ರಾಮನಗರದ ಸಾಬರ ಮನೆಯವರು. ಅವರ ಹೆಣ್ಣುಮಕ್ಕಳ ವಯಸ್ಸಿನವರೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದುದರಿಂದ ನನಗೂ ಅವರು ಆಪಾ ಆದರು. ಗಂಡನ ಮನೆಯವರದು ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕಸುಬು. ಗೂಡು ಬೇಯುವ ಬಿಸಿನೀರಿಗೆ ಬೆರಳು ಅದ್ದಿ ಅದ್ದಿ ಎಳೆ ಹುಡುಕುತ್ತಾ ಮದುವೆಯ ಮೊದಲ ವರ್ಷಗಳು ಕಳೆದವು. ಗಂಡ ಬೇಗ ತೀರಿಕೊಂಡರು. ಮೈದುನಂದಿರು ಇಲ್ಲೇ ಇರಿ ಅಂದರಂತೆ. ಆಪಾ ಇರಲಿಲ್ಲ. ಬೇರೆ ಒಂದು ಕೋಣೆ ಬಾಡಿಗೆಗೆ ಹಿಡಿದು, ಬೀದಿಯ ಬಾಣಂತಿಯರಿಗೆ ಎಣ್ಣೆ ತಿಕ್ಕಿ, ಎಳೆಕೂಸುಗಳಿಗೆ ನೀರು ಹಾಕಿ, ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿ ಮದುವೆ ಮಾಡಿದರು.

"ಯಾರ್ ಮ್ಯಾಲೂ ಭಾರ ಹಾಕ್ಲಿಲ್ಲ ಮಗಾ" ಅನ್ನುವುದು ಅವರ ಮಾತು. ಟೀ ಕುಡಿಯುವಾಗ, ಬುತ್ತಿ ಬಿಚ್ಚುವಾಗ, ಯಾವಾಗ ಬೇಕಾದರೂ ಅದು ಬರುತ್ತಿತ್ತು. ಬರೀ ಬಾಯಿಮಾತಲ್ಲ. ತುಂಬಿದ ಬಸ್ಸಿನಲ್ಲಿ ನಿಂತವರು ತಮ್ಮ ಬ್ಯಾಗನ್ನು ಕೂತವರ ತೊಡೆಯ ಮೇಲೆ ಇಡುವುದು ಎಲ್ಲಾ ಕಡೆ ಇರುವುದೇ. ಆಪಾ ಇಡುತ್ತಿರಲಿಲ್ಲ. ಕೂತವರು ತಾವಾಗಿಯೇ ಕೈ ಚಾಚಿದರೂ ಬ್ಯಾಗನ್ನು ಎದೆಗೆ ಅವುಚಿಕೊಂಡು, ಒಂದೇ ಕೈಯಲ್ಲಿ ಕಂಬಿ ಹಿಡಿದು, ತಿರುವು ಬಂದಾಗಲೆಲ್ಲ ಬೀಳುತ್ತಾ ಏಳುತ್ತಾ ನಿಲ್ಲುತ್ತಿದ್ದರು. ನಾನು ಆ ಬ್ಯಾಗು ಕಿತ್ತುಕೊಂಡು ನನ್ನ ತೊಡೆಗೆ ಹಾಕಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ. ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ.

ಕೆಲಸದಲ್ಲೂ ಅವರು ಹಾಗೆಯೇ. ಮೇಜಿನ ಮೇಲೆ ಮಲಗಿದವರಿಗೆ ತಮ್ಮ ಮೈಯ ಭಾರ ತಾಕಬಾರದು. "ನೋವು ಅಂತ ಬಂದವ್ರ ಮ್ಯಾಲೆ ನಮ್ ಭಾರ ಬ್ಯಾರೆ ಹಾಕದಾ?" ಅನ್ನುತ್ತಿದ್ದರು. ಹಾಗಾಗಿ ಇಡೀ ಕೆಲಸ ಹೆಬ್ಬೆರಳುಗಳ ಮೇಲೆ ಬೀಳುತ್ತಿತ್ತು. ಅವರ ಹೆಬ್ಬೆರಳು ನೋವಿನ ಗಂಟಿಗೆ ಸೀದಾ ಹೋಗಿ ಕೂರುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆರಳು ಎಷ್ಟೆಂದು ತಡೆದೀತು?

ಅದು ನನಗೆ ಗೊತ್ತಾದದ್ದು ಎಣ್ಣೆ ಡಬ್ಬಿಯಿಂದ. ಒಂದು ಬೆಳಿಗ್ಗೆ ಆಪಾ ಡಬ್ಬಿಯನ್ನು ನನ್ನ ಮುಂದೆ ಹಿಡಿದು "ಒಸಿ ಮುಚ್ಚಳ ತಗಿ ಮಗಾ, ಕೈ ಜಾರ್ತದೆ" ಅಂದರು. ಮಾರನೆಯ ದಿನವೂ ಕೈ ಜಾರಿತು. ಅದರ ಮಾರನೆಯ ದಿನ ನಾನು ಡಬ್ಬಿ ಬಿಟ್ಟು ಅವರ ಕೈಯನ್ನೇ ಹಿಡಿದು ನೋಡಿದೆ. ಬಲಗೈ ಹೆಬ್ಬೆರಳಿನ ಬುಡ ಊದಿತ್ತು, ಮುಟ್ಟಿದರೆ ಮುಖ ಹಿಂಡುತ್ತಿದ್ದರು. "ಯಾರ್ಗೂ ಹೇಳ್ಬ್ಯಾಡ" ಅಂದರು. ನಾನು ಹೇಳಲಿಲ್ಲ. ಆದರೆ ಮಸಾಜು ಮಾಡಿಸಿಕೊಂಡು ಎದ್ದ ಒಬ್ಬರು "ಯಾಕೋ ಇವತ್ತು ಕೈಯಲ್ಲಿ ಜೀವಾನೇ ಇಲ್ಲ" ಅಂದುಬಿಟ್ಟರು, ಅದು ಚಿಕಿತ್ಸಾಲಯ ನಡೆಸುತ್ತಿದ್ದ ಡಾಕ್ಟರಮ್ಮನ ಕಿವಿಗೆ ಬಿತ್ತು.

ಡಾಕ್ಟರಮ್ಮ ಕೆಟ್ಟವರಲ್ಲ. ಆಪಾನನ್ನು ಕೂರಿಸಿಕೊಂಡು, ಬೆರಳನ್ನು ಅಲ್ಲಾಡಿಸಿ ನೋಡಿ, ಸಮಾಧಾನವಾಗಿಯೇ ಹೇಳಿದರು. ಕೀಲು ಸವೆದಿದೆ. ಇನ್ನೂ ಹೀಗೇ ಒತ್ತಿದರೆ ಬೆರಳು ಪೂರ್ತಿ ಹೋಗುತ್ತದೆ. ಈ ಸಲದ ಕ್ಲಾಸಿನಲ್ಲಿ ಬೆರಳಿಲ್ಲದೆ ಮುಂಗೈಯಿಂದ ಮಾಡುವುದನ್ನು ಹೇಳಿಕೊಡುತ್ತಾರೆ, ಕಲಿತರೆ ಮೇಜಿನ ಕೆಲಸ, ಆಗದಿದ್ದರೆ ಟವೆಲ್ ಒಗೆಯುವ ಕಡೆಗೆ ಹಾಕುತ್ತೇನೆ, ಸಂಬಳಕ್ಕೇನೂ ಕಡಿಮೆ ಮಾಡುವುದಿಲ್ಲ. ಆಪಾನ ಮುಖ ಸಣ್ಣದಾಯಿತು.

"ಟವಲ್ ಒಗಿಯಾದು ಕೀಳಲ್ಲ ಮಗಾ" ಅಂದರು ಹೊರಗೆ ಬಂದ ಮೇಲೆ. "ಆದ್ರೆ ಮುಟ್ಟಾದ್ ಬುಟ್ರೆ ನಂಗಿನ್ನೇನ್ ಬತ್ತದೆ?" ಅವರು ಹೋದ ಕಡೆಯೆಲ್ಲ ಒಂದಲ್ಲ ಒಂದು ಮಗು ಅವರ ಕೈಯಲ್ಲಿ ಮೊದಲ ನೀರು ಹಾಕಿಸಿಕೊಂಡದ್ದೇ ಆಗಿರುತ್ತಿತ್ತು. ಅಂಥವರ ಕೈ ಬಕೆಟ್ಟಿನಲ್ಲಿ ಟವೆಲ್ ತಿರುವುವುದನ್ನು ನೆನೆದೇ ನನಗೆ ಸಂಕಟವಾಯಿತು.

ಕ್ಲಾಸು ಅಂದರೆ ವರ್ಷಕ್ಕೊಮ್ಮೆ ನಮಗೆ ಕೊಡುತ್ತಿದ್ದ ಮರುತರಬೇತಿ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಯಾರೋ ಬಂದು ಗೋಡೆಗೆ ಎಲುಬಿನ ಚಿತ್ರ ನೇತುಹಾಕಿ ಇಂಗ್ಲಿಷಿನಲ್ಲಿ ಹೆಸರು ಹೇಳುತ್ತಿದ್ದರು, ನಾವು ಬಿಸ್ಕತ್ತಿನ ಗಳಿಗೆಗೆ ಕಾಯುತ್ತಾ ತೂಕಡಿಸುತ್ತಿದ್ದೆವು. ಈ ಸಲ ಬಂದವರು ಒಬ್ಬ ಮಲಯಾಳಿ ಟೀಚರು, ಚಿಕ್ಕ ವಯಸ್ಸು, ಚುರುಕು. ಕನಕಪುರದ ಬ್ಯೂಟಿ ಪಾರ್ಲರಿನವರು, ಚನ್ನಪಟ್ಟಣದಲ್ಲಿ ಬಾಣಂತಿಯರಿಗೆ ಎರೆಯುವವರು, ಎಲ್ಲರೂ ಬಂದು ಹಾಲ್ ತುಂಬಿತ್ತು. ಹೆಂಗಸರಷ್ಟೇ ಇದ್ದ ಕ್ಲಾಸು, ಆದ್ದರಿಂದ ಮಾತಿಗೆ ಬರವಿರಲಿಲ್ಲ. ಟೀಚರು ಮೊದಲು ಎಲ್ಲರ ಕೈ ತೋರಿಸಲು ಹೇಳಿದರು. ಭವಿಷ್ಯ ಹೇಳುತ್ತಾರೇನೋ ಎಂದು ನಾವು ಅಂಗೈ ಚಾಚಿದರೆ ಅವರು ನೋಡಿದ್ದು ಹೆಬ್ಬೆರಳಿನ ಬುಡ. ಆಪಾನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು.

ಅವರ ಪಾಠ ಕೇಳಲು ಸುಲಭ. ಒಂದು ಕಾಲು ಮುಂದೆ, ಒಂದು ಹಿಂದೆ. ಬೆನ್ನು ನೇರ. ಮುಂಗೈಯನ್ನು, ಅಂದರೆ ಮಣಿಕಟ್ಟಿನಿಂದ ಮೊಣಕೈವರೆಗಿನ ಭಾಗವನ್ನು, ಎದುರಿನವರ ಬೆನ್ನ ಮೇಲಿಟ್ಟು ಮೈಯ ಭಾರವನ್ನು ಅದರ ಮೇಲೆ ಬಿಡುವುದು, ಅಷ್ಟೇ. "ಒತ್ತಬೇಡಿ, ಒರಗಿ" ಅನ್ನುತ್ತಿದ್ದರು. ಅವರು ಕನ್ನಡ ಕಲಿತದ್ದು ಬೆಂಗಳೂರಿನಲ್ಲಿ. ಗೋಡೆಗೆ ಒರಗಬೇಡ, ಬಾಗಿಲಿಗೆ ಒರಗಬೇಡ ಎಂದು ಹೇಳುವುದನ್ನು ಕೇಳಿ ಆ ಮಾತು ಹಿಡಿದುಕೊಂಡಿದ್ದರು. ನಮ್ಮ ಕಡೆ ಒರಗು ಅಂದರೆ ಮೊದಲು ಮನಸ್ಸಿಗೆ ಬರುವುದು ಮಲಗುವುದು. ಉಂಡವರಿಗೆ, ದಣಿದವರಿಗೆ "ಒಸಿ ಒರಗ್ಕೋ ಹೋಗು" ಅನ್ನುತ್ತೇವೆ. ಟೀಚರು ಮಾಡಿ ತೋರಿಸಿದ್ದನ್ನು ನೋಡಿದವರಿಗೆ ಅರ್ಥ ಗೊತ್ತಾಯಿತು. ಆಪಾ ಆಗ ತಮ್ಮ ಬೆರಳನ್ನೇ ನೋಡುತ್ತಾ ಕೂತಿದ್ದರು.

ಆಪಾನ ಸರದಿ ಬಂತು. ಮೇಜಿನ ಮೇಲೆ ಕನಕಪುರದ ಒಬ್ಬರು ಬೋರಲು ಮಲಗಿದ್ದರು. ಆಪಾ ಮುಂಗೈ ಇಟ್ಟರು, ಆದರೆ ಇಟ್ಟದ್ದು ಹೆಸರಿಗೆ ಮಾತ್ರ. ಬಿಸಿ ಪಾತ್ರೆಯ ಮೇಲೆ ಕೈ ಹಿಡಿದ ಹಾಗೆ ಮೇಲೆಮೇಲೆ ಆಡಿಸುತ್ತಿದ್ದರು. ಟೀಚರು ಹಿಂದೆ ಬಂದು ನಿಂತರು.

"ಒರಗಿ ಅಮ್ಮಾ."

ಆಪಾ ಸುತ್ತ ನೋಡಿದರು. "ಇವಾಗ್ಲಾ?"

"ಈಗಲೇ. ಪೂರ್ತಿ ಒರಗಿ. ಭಯ ಬೇಡ."

ಇಷ್ಟು ಜನರ ಎದುರಿಗೆ, ಅದೂ ಕೆಲಸ ಉಳಿಯುವುದೋ ಹೋಗುವುದೋ ಅನ್ನುವ ಹೊತ್ತಿನಲ್ಲಿ, ಟೀಚರ ಮಾತು ಮೀರುವುದು ಹೇಗೆ? ಆಪಾ ಕೈ ಒರೆಸಿಕೊಂಡರು. ಸೆರಗು ಬಿಗಿದರು. ಪಕ್ಕದಲ್ಲಿ ಖಾಲಿ ಇದ್ದ ಮೇಜನ್ನು ಹತ್ತಿ, ಬೋರಲು ಮಲಗಿ, ಇಂಜೆಕ್ಷನ್ನಿಗೆ ಕಾಯುವವರ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು.

ನಗು ಶುರುವಾಯಿತು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಬೋರಲು ಮಲಗಿದ್ದ ಕನಕಪುರದವರೂ ತಲೆಯೆತ್ತಿ ನಕ್ಕರು. "ಯಾಕ್ ನಗ್ತೀರಿ? ಅವ್ರೇ ಅಲ್ವಾ ಒರಗು ಅಂದಿದ್ದು?" ಎಂದು ಆಪಾ ಮಲಗಿದಲ್ಲಿಂದಲೇ ಕೇಳಿದರು. ಯಾರೋ ಟೀಚರಿಗೆ ಬಿಡಿಸಿ ಹೇಳಿದಾಗ ಅವರೂ ಹಣೆ ಚಚ್ಚಿಕೊಂಡು "ಅಯ್ಯೋ ನನ್ನ ಕನ್ನಡ" ಅಂದರು. ಆಪಾ ನಾಚಿಕೊಂಡು ಏಳಲು ಹೋದರು. ಟೀಚರು ಅವರ ಹೆಗಲ ಮೇಲೆ ಕೈಯಿಟ್ಟು "ಬೇಡ, ಹಾಗೇ ಇರಿ" ಎಂದರು.

ಬೆನ್ನಿನ ಬಟ್ಟೆ ಸರಿಸಿ, ಬೆಚ್ಚಗಿನ ಎಣ್ಣೆ ಹಚ್ಚಿ, ಮುಂಗೈಯನ್ನು ಕತ್ತಿನ ಕೆಳಗೆ ಇಟ್ಟು, ನಿಧಾನವಾಗಿ ತಮ್ಮ ಭಾರ ಬಿಡುತ್ತಾ ಸೊಂಟದವರೆಗೆ ಬಂದರು. ಮತ್ತೆ ಮೇಲಿನಿಂದ. "ಬ್ಯಾಡಮ್ಮ, ಬ್ಯಾಡಮ್ಮ, ನಿನ್ ಕೈ ನೋಯ್ತದೆ" ಅನ್ನುತ್ತಿದ್ದ ಆಪಾ ಸುಮ್ಮನಾದರು. ಸೆಟೆದುಕೊಂಡಿದ್ದ ಕಾಲುಗಳು ಸಡಿಲವಾಗಿ ಪಾದಗಳು ಹೊರಳಿದವು. ನಾವೂ ನಗು ನಿಲ್ಲಿಸಿದ್ದೆವು. ಅವರ ಬೆನ್ನು ಸಣ್ಣಗೆ ನಡುಗತೊಡಗಿದಾಗ ಅವರು ಅಳುತ್ತಿದ್ದಾರೆಂದು ಗೊತ್ತಾಯಿತು. ನಮ್ಮಲ್ಲಿ ಒಬ್ಬೊಬ್ಬರೂ ಬೇರೆಬೇರೆ ಕಡೆ ನೋಡಿದೆವು.

ಆ ಸಂಜೆ ಬಸ್ಸಿಗೆ ಕಾಯುವಾಗ ಆಪಾ ಹೇಳಿದರು. "ಎರಡ್ನೇ ಮಗಳ ಬಾಣಂತನದಾಗೆ ನಮ್ಮತ್ತೆ ನೀರು ಹಾಕಿದ್ರು. ಅದಾದ್ಮೇಲೆ ನನ್ ಬೆನ್ ಯಾರೂ ಮುಟ್ಟಿರ್ಲಿಲ್ಲ ಮಗಾ." ಆ ಮಗಳಿಗೆ ಆಗಲೇ ಮಕ್ಕಳಿದ್ದರು. ದಿನವೂ ಅವರ ಪಕ್ಕದ ಮೇಜಿನಲ್ಲೇ ನಿಂತು ಊರವರ ಬೆನ್ನೆಲ್ಲ ತಿಕ್ಕುತ್ತಿದ್ದವಳು ನಾನು. ಬಸ್ಸು ಬರುವ ದಾರಿ ನೋಡುತ್ತಾ ಅವರು ಕೇಳಿದರು. "ಆ ಹುಡ್ಗಿ ಭಾರ ಎಲ್ಲಾ ನನ್ ಮ್ಯಾಲೇ ಇತ್ತಾ?" ಹೌದು ಅಂದೆ. "ಭಾರ ಅನ್ನಸ್ಲೇ ಇಲ್ವಲ್ಲ" ಎಂದು ತಮ್ಮಷ್ಟಕ್ಕೆ ಅಂದುಕೊಂಡರು.

ಅಷ್ಟರಿಂದಲೇ ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಾರನೆಯ ದಿನವೂ ಆಪಾನ ಮುಂಗೈ ಗಾಳಿಯಲ್ಲೇ ಇತ್ತು. ಅದರ ಮಾರನೆಯ ದಿನವೂ. ಅವರಿಗೆ ಗೊತ್ತಿತ್ತು, ಮನಸ್ಸಿತ್ತು, ಆದರೆ ಭಾರ ಬಿಡುವ ಗಳಿಗೆ ಬಂದಾಗ ಮೈ ತಾನಾಗಿಯೇ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ಕಡೆಗೆ ಅಭ್ಯಾಸದಂತೆ ಹೆಬ್ಬೆರಳು ಇಳಿಯುತ್ತಿತ್ತು, ನೋವಿಗೆ ಮುಖ ಹಿಂಡುತ್ತಿದ್ದರು. ನನಗೋ ತಾಳ್ಮೆ ಕಡಿಮೆ. "ಇಷ್ಟೊಂದು ಹಟ ಒಳ್ಳೇದಲ್ಲ ಆಪಾ" ಎಂದು ರೇಗಿಬಿಟ್ಟೆ. "ಹಟ ಅಲ್ಲ ಮಗಾ, ಬರಾಕಿಲ್ಲ" ಅಂದರು. ಆ ಮಾತು ಕೇಳಿ ನನ್ನ ಕೋಪ ಇಳಿಯಿತು, ಹೆದರಿಕೆ ಉಳಿಯಿತು.

ಕ್ಲಾಸಿನ ಕೊನೆಯ ದಿನ ಡಾಕ್ಟರಮ್ಮ ಎಲ್ಲರ ಕೆಲಸ ನೋಡಲು ಬರುವವರಿದ್ದರು. ಯಾರ ಮೇಲೆ ಮಾಡುತ್ತೀರಿ ಎಂದು ಟೀಚರು ಕೇಳಿದಾಗ ಆಪಾ ನನ್ನ ಕಡೆ ನೋಡಿದರು. ನಾನು ಹೋಗಿ ಮಲಗಿದೆ. ಮುಖ ಇಡಲು ಮೇಜಿನಲ್ಲಿ ಕೊರೆದಿದ್ದ ತೂತಿನಿಂದ ನನಗೆ ಕಾಣುತ್ತಿದ್ದುದು ನೆಲ, ಆಪಾನ ಎರಡು ಪಾದಗಳು, ಸ್ವಲ್ಪ ಹೊತ್ತಿಗೆ ಬಂದು ನಿಂತ ಡಾಕ್ಟರಮ್ಮನ ಚಪ್ಪಲಿಗಳು. ಬೆನ್ನಿಗೆ ಎಣ್ಣೆಯ ಬಿಸಿ ತಾಕಿತು. ಮುಂಗೈ ಬಂತು. ಬಂದು, ಎಂದಿನಂತೆ, ತಾಕಿಯೂ ತಾಕದ ಹಾಗೆ ನಿಂತಿತು.

"ಆಪಾ, ನಾನೇನ್ ಕೋಳಿ ಮೊಟ್ಟೆನಾ?" ಎಂದು ತೂತಿನೊಳಗಿಂದಲೇ ಪಿಸುಗುಟ್ಟಿದೆ. "ಬುಡಿ ಭಾರಾವ."

"ನಿಂಗ್ ನೋವಾಯ್ತದೆ."

"ಆದ್ರೆ ಹೇಳ್ತೀನಿ. ನಂಗೇನ್ ಬಾಯಿಲ್ವಾ?"

ನಾನು ಅವರ ಪಾದಗಳನ್ನೇ ನೋಡುತ್ತಿದ್ದೆ. ಹಿಂದಿನ ಕಾಲಿನ ಹಿಮ್ಮಡಿ ನೆಲಕ್ಕೆ ಅಂಟಿಕೊಂಡಿತ್ತು. ಅದು ಮೆಲ್ಲಗೆ ಮೇಲೆದ್ದಿತು. ಅದರ ಜೊತೆಗೇ ನನ್ನ ಬೆನ್ನ ಮೇಲೆ ಭಾರ ಇಳಿಯತೊಡಗಿತು. ಮೊದಲು ಕೈಯದು, ಆಮೇಲೆ ಹೆಗಲಿನದು, ಆಮೇಲೆ ಇಡೀ ಆಪಾನದು. ಆಪಾ ಒಳ್ಳೆ ಮೈಕಟ್ಟಿನವರು. ನನ್ನ ಉಸಿರೆಲ್ಲ ಹೊರಕ್ಕೆ ಹೋಯಿತು, ಪಕ್ಕೆಲುಬುಗಳು ಮೇಜಿಗೆ ಅದುಮಿಕೊಂಡವು. ಭಾರ ಹಾಗೇ ನಿಧಾನವಾಗಿ ಸೊಂಟದ ಕಡೆಗೆ ಸರಿಯಿತು.

"ಸರಿ, ಇವರು ಮೇಜಿಗೇ ಇರಲಿ" ಎಂದು ಡಾಕ್ಟರಮ್ಮ ಟೀಚರಿಗೆ ಹೇಳಿದ್ದು ಕೇಳಿಸಿತು. ಚಪ್ಪಲಿಗಳು ಪಕ್ಕದ ಮೇಜಿನ ಕಡೆಗೆ ಹೋದವು.

ಪರೀಕ್ಷೆ ಮುಗಿದಿತ್ತು. ಆಪಾ ಇನ್ನೂ ಕೈ ತೆಗೆದಿರಲಿಲ್ಲ. ನನ್ನ ಕಿವಿಯ ಹತ್ತಿರಕ್ಕೆ ಬಗ್ಗಿ, ಬೇರೆ ಯಾರಿಗೂ ಕೇಳಿಸದ ಹಾಗೆ ಕೇಳಿದರು.

"ಭಾರ ಆಯ್ತಾ ಮಗಾ?"

ಇಲ್ಲ ಅನ್ನಬೇಕೆಂದುಕೊಂಡೆ.

"ಭಾರ ಐತೆ ಆಪಾ" ಅಂದೆ.

ಬೆನ್ನ ಮೇಲಿನ ಕೈ ಮೇಲೇಳಲು ಸ್ವಲ್ಪ ಅಲುಗಿತು.

"ತಗೀಬ್ಯಾಡಿ" ಅಂದೆ. "ಹಂಗೇ ಇರ್ಲಿ."