ಚಪ್ಪಟೆ ಮುಚ್ಚಳವನ್ನು ಎಳೆದ ಪೈಪು

ಕೋವಿಡ್ ಮುಗಿದ ಮರುವರ್ಷ ನಾನು ರಾಜಾಜಿನಗರದ ಒಂದು ಡಿಸೈನ್ ಕಚೇರಿಯಲ್ಲಿ ಹಿರಿಯ ಸ್ಟ್ರೆಸ್ ಎಂಜಿನಿಯರ್ ಆಗಿದ್ದೆ. ಪ್ರೆಶರ್ ವೆಸೆಲ್‌ಗಳನ್ನು, ಅಂದರೆ ಒತ್ತಡ ತಾಳುವ ಉಕ್ಕಿನ ಪಾತ್ರೆಗಳನ್ನು, ಅವಕ್ಕೆ ಜೋಡಿಸಿದ ಪೈಪುಗಳು ಎಷ್ಟು ಎಳೆಯುತ್ತವೆ, ಆ ಎಳೆತವನ್ನು ಲೋಹ ತಡೆಯುತ್ತದೆಯೇ ಎಂದು ಲೆಕ್ಕ ಹಾಕುವುದು ನನ್ನ ಕೆಲಸ.

ಕೆಂಗೇರಿಯ ಆಚೆಗಿನ ಒಂದು ಕಾರ್ಖಾನೆಯಲ್ಲಿ ಹೊಸ ಸ್ಟೀಮ್ ವೆಸೆಲ್ ಸೋರುತ್ತಿತ್ತು. ಅದರ ಮೇಲೆ ಬೋಲ್ಟ್ ಹಾಕಿ ಬಿಗಿದ ಚಪ್ಪಟೆ ಮುಚ್ಚಳ. ಮುಚ್ಚಳದ ನಡುವೆ ಬೆಸೆದ ಗಿಡ್ಡ ಕೊಳವೆ, ಅದಕ್ಕೆ ಬೋಲ್ಟ್‌ಗಳಿಂದ ಪೈಪಿನ ಜೋಡಣೆ. ಅಂಚಿನಲ್ಲಿ ಹಬೆ ಸೋರದಂತೆ ಕೂರಿಸುವ ಗ್ಯಾಸ್ಕೆಟ್ ಪಟ್ಟಿ ಬದಲಾಯಿಸಿದರೂ ಮತ್ತೆ ಅದೇ ಪಕ್ಕದಿಂದ ಹಬೆ ಬರುತ್ತಿತ್ತು. ಬೋಲ್ಟ್ ಸರಿಯಾಗಿ ಬಿಗಿದಿಲ್ಲವೆಂದು ಫಿಟ್ಟರ್ ಶಿವಣ್ಣನವರನ್ನು ಕೆಲಸದಿಂದ ತೆಗೆಯುವ ಮಾತು ನಡೆದಿತ್ತು. ಡಿಸೈನ್‌ನಲ್ಲಿ ದೋಷವಿಲ್ಲವೆಂದು ನಾನು ಸಹಿ ಹಾಕಿದರೆ ಅವರ ಕಥೆ ಮುಗಿದಂತೆ.

ತಯಾರಕರ ಲೆಕ್ಕ ನೋಡಿದಾಗಲೇ ಅನುಮಾನ ಬಂತು. ಬಟ್ಟಲಿನಾಕಾರದ ಮುಚ್ಚಳಕ್ಕೆ ಬಳಸುವ ಸೂತ್ರವನ್ನು ಚಪ್ಪಟೆ ಮುಚ್ಚಳಕ್ಕೆ ಹಚ್ಚಿದ್ದರು. ಬಾಗಿದ ಗೋಡೆ ತನ್ನ ಆಕಾರದಿಂದಲೇ ಹೊರೆ ಹೊರುತ್ತದೆ. ಚಪ್ಪಟೆ ಪ್ಲೇಟು ಬಳುಕುತ್ತದೆ. ಕಳ್ಳ ಸಿಕ್ಕ ಎಂದುಕೊಂಡು, ಮುಚ್ಚಳವನ್ನು ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸುವ ಫೈನೈಟ್ ಎಲಿಮೆಂಟ್ ವಿಧಾನದಲ್ಲಿ ಹೊಸದಾಗಿ ಲೆಕ್ಕ ಹಾಕಿದೆ. ಸ್ಟ್ರೆಸ್, ಅಂದರೆ ಲೋಹದೊಳಗಿನ ಬಿಗಿತ, ಏರಿತು, ಆದರೂ ಮಿತಿಯೊಳಗೇ ಉಳಿಯಿತು. ಹಾಗಾದರೆ ಪೈಪಿನ ಎಳೆತವೆಂದು ಲೆಕ್ಕದಲ್ಲಿ ಕೊಟ್ಟ ಹೊರೆಯ ಅಂಕಿಯೇ ಸುಳ್ಳೇ?

ಮರುದಿನ ವಿಜಯನಗರದಲ್ಲಿ ಮೆಟ್ರೋ ಹತ್ತಿ ಕಾರ್ಖಾನೆಗೆ ಹೋದೆ. ಪ್ಲಾಂಟ್ ಮ್ಯಾನೇಜರ್ ಮೂರ್ತಿ ಉಪಚಾರವನ್ನೇನೋ ಚೆನ್ನಾಗಿ ಮಾಡಿದರು. ವೆಸೆಲ್ ನೋಡುವ ಮಾತನ್ನು ಮಾತ್ರ ಮುಂದೂಡುತ್ತಲೇ ಇದ್ದರು. ಕೊನೆಗೆ ನಾನೇ ಎದ್ದು ಹೊರಟೆ. ಅವರೂ ಹಿಂದೆಯೇ ಬಂದರು.

ವೆಸೆಲ್ ಪಕ್ಕದಲ್ಲಿ ನಿಂತಿದ್ದ ಶಿವಣ್ಣನವರನ್ನು ಕೇಳಿದೆ: "ಪೈಪ್ ಕೂರಿಸುವಾಗ ಏನಾದ್ರೂ ತೊಂದ್ರೆ ಆಯ್ತಾ?"

ಅವರು ಮೂರ್ತಿಯವರತ್ತ ನೋಡಿದರು. "ಸಾರ್‌ನೇ ಕೇಳಿ ಮೇಡಂ."

ಇವರೂ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸಿತು. ನಿಜಕ್ಕೂ ಬೋಲ್ಟ್ ಸಡಿಲ ಬಿಟ್ಟು ಹೆದರಿದ್ದಾರೋ ಏನೋ.

"ವೆಸೆಲ್ ತಣ್ಣಗಿದೆ, ಒಳಗೆ ಪ್ರೆಶರ್ ಇಲ್ಲ. ಪೈಪಿನ ಜಾಯಿಂಟ್ ಬಿಚ್ಚಿಸಿ," ಎಂದೆ.

"ಅದ್ಯಾಕೆ ಮೇಡಂ? ಸೋರ್ತಿರೋದು ಅಲ್ಲಿಂದ ಅಲ್ಲ. ಸೋಮವಾರ ಲೈನ್ ಸ್ಟಾರ್ಟ್ ಮಾಡ್ಬೇಕು," ಎಂದರು ಮೂರ್ತಿ.

"ಬಿಚ್ಚದೆ ನಾನು ಸಹಿ ಹಾಕಲ್ಲ ಸಾರ್."

ಪೈಪಿಗೆ ಸರಪಳಿಯ ಆಸರೆ ಕೊಟ್ಟು, ಉಳಿದವರನ್ನು ದೂರ ನಿಲ್ಲಿಸಿ, ಶಿವಣ್ಣ ಬೋಲ್ಟ್‌ಗಳನ್ನು ಒಂದೊಂದಾಗಿ ಸಡಿಲಿಸಿದರು. ಕೊನೆಯದು ರಂಧ್ರದಲ್ಲೇ ಕಚ್ಚಿಕೊಂಡಿತ್ತು. ಸುತ್ತಿಗೆಯಿಂದ ಹೊಡೆದು ಹೊರತೆಗೆದದ್ದೇ ತಡ, ಪೈಪು ಸರಪಳಿಯನ್ನು ಜಗ್ಗಿಕೊಂಡು ಅಂಗೈ ಅಗಲದಷ್ಟು ಪಕ್ಕಕ್ಕೆ ಸರಿಯಿತು.

ಶಿವಣ್ಣ ಮೆಲ್ಲಗೆ, "ಎಳ್ದು ಕೂರ್ಸಿ ಅಂದಿದ್ದು ನೀವೇ ಅಲ್ವಾ ಸಾರ್?" ಎಂದರು.

"ಟೈಮ್ ಎಲ್ಲಿತ್ತು ಶಿವಣ್ಣ?" ಎಂದರು ಮೂರ್ತಿ, ಅವರ ಮುಖ ನೋಡದೆ.

ಅಳತೆಗೆ ಸರಿಹೊಂದದ ಪೈಪನ್ನು ಬಲವಂತವಾಗಿ ಎಳೆದು ಜೋಡಿಸಿದ್ದರು. ಆ ಎಳೆತ ಯಾವ ಲೆಕ್ಕದಲ್ಲೂ ಇರಲಿಲ್ಲ. ಅದನ್ನು ಸೇರಿಸಿ ನೋಡಿದಾಗ ಪೈಪು ಸೇರುವ ಜಾಗದಲ್ಲಿ ಸ್ಟ್ರೆಸ್ ಮಿತಿಯನ್ನು ದಾಟಿಹೋಯಿತು. ಬಳುಕಿದ ಮುಚ್ಚಳ ಸೋರುವ ಪಕ್ಕದಲ್ಲೇ ಗ್ಯಾಸ್ಕೆಟ್ ಬಿಟ್ಟು ಏಳುತ್ತಿತ್ತು. ತಪಾಸಣೆಯಲ್ಲಿ ಬೆಸುಗೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕೂ ಕಂಡಿತು. ಹಬೆ ಇರುವಾಗ ಅದು ಬಾಯಿ ಬಿಟ್ಟಿದ್ದರೆ ಎದುರಿಗೆ ನಿಂತಿರುತ್ತಿದ್ದವರು ಶಿವಣ್ಣನವರೇ.

ಹೊಸ ಮುಚ್ಚಳ ಬಂತು. ಪೈಪನ್ನು ಕತ್ತರಿಸಿ, ಎಳೆಯದೆ ಕೂರುವಂತೆ ಮತ್ತೆ ಬೆಸೆದರು. ಸೋರಿಕೆ ನಿಂತಿತು. ಶಿವಣ್ಣ ಕೆಲಸದಲ್ಲಿ ಉಳಿದರು.

ಈಗ ಹೊರೆಯ ಅಂಕಿಗಳು ಕೈಗೆ ಬಂದರೆ, ಲೆಕ್ಕಕ್ಕೆ ಕೂರುವ ಮೊದಲು ಪೈಪು ಕೂರಿಸಿದವರನ್ನು ಹುಡುಕಿಕೊಂಡು ಹೋಗುತ್ತೇನೆ, ಅವರ ಮ್ಯಾನೇಜರ್ ಪಕ್ಕದಲ್ಲಿಲ್ಲದ ಹೊತ್ತು ನೋಡಿ.