ಕೈ ಎತ್ತಬಾರದು, ಕೆಮ್ಮಬಹುದು

ಕಳೆದ ಸೋಮವಾರ ಹನ್ನೊಂದನೇ ತರಗತಿಯ ಗಣಿತ ಪರೀಕ್ಷೆಯಲ್ಲಿ ನನ್ನ ತಂಗಿಯ ಮಗಳು ಮೂರು ಸಲ ಕೆಮ್ಮಿದಳು. ಶೀತವಿರಲಿಲ್ಲ, ಹೆಚ್ಚುವರಿ ಹಾಳೆ ಬೇಕಿತ್ತು. ನಮ್ಮ ಶಾಲೆಯ ಪರೀಕ್ಷಾ ಕೊಠಡಿಯಲ್ಲಿ ಕೈ ಎತ್ತುವಂತಿಲ್ಲ.

"ಇದೆಂತ ನಿಯಮ ಮಾವ?" ಎಂದು ಕೇಳಿದಳು. ನಿಯಮಕ್ಕೆ ಕಾರಣ ನಾನು. ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

ನಾನು ಅದೇ ತರಗತಿಯಲ್ಲಿದ್ದಾಗ ಗಣಿತ ಕಲಿಸಲು ಪಯ್ಯನ್ನೂರಿನ ಕಡೆಯ ಗಂಗಾಧರನ್ ಮಾಷ್ ಬಂದರು. ನಮ್ಮದು ಕನ್ನಡ ಮಾಧ್ಯಮ, ಅವರದು ಮಲಯಾಳ. ಗಡಿಯ ಹಳ್ಳಿ ಅಡೂರಿನ ಕಡೆಯ ನಮಗೆ ಮಲಯಾಳ ಬರುತ್ತಿದ್ದುದು ಬಸ್ಸಿನ ಬೋರ್ಡ್ ಓದುವಷ್ಟು. ಅವರಿಗೆ ಬರುತ್ತಿದ್ದ ಕನ್ನಡ "ಊಟ ಆಯ್ತಾ", "ಗೊತ್ತುಂಟಾ" ಎರಡೇ. ಇಷ್ಟರಲ್ಲಿ ಅಸಿಂಪ್ಟೋಟ್ ಕಲಿಸುವುದು ಕಷ್ಟ. ಗ್ರಾಫ್ ದೂರ ಸಾಗುತ್ತ ಹತ್ತಿರವಾಗುವ ಆ ಸರಳರೇಖೆಯನ್ನು ಅವರು ತೋಳಿನಲ್ಲೇ ತೋರಿಸಿದರು. ಛೇದ ಮಾತ್ರ ಸೊನ್ನೆಯಾದರೆ ಕೈ ನೆಟ್ಟಗೆ ಮೇಲಕ್ಕೆ. ಅಂಶ, ಛೇದಗಳ ಘಾತ ಸಮವಾದರೆ ತೋಳು ಭುಜದ ಮಟ್ಟದಲ್ಲಿ ಅಡ್ಡ. ಛೇದದ್ದು ಹೆಚ್ಚಾದರೆ ಸೊಂಟದ ಮಟ್ಟದಲ್ಲಿ. ಅಂಶದ್ದು ಒಂದು ಹೆಚ್ಚಿದ್ದರೆ ಓರೆ. ಎರಡರಲ್ಲೂ ಇದ್ದ ಅಪವರ್ತನ ಹೊಡೆದುಹೋದರೆ ಅಲ್ಲಿ ಗೆರೆಯಿಲ್ಲ, ತೂತು ಮಾತ್ರ: ಬೆರಳನ್ನು ಉಂಗುರ ಮಾಡಿ, ಒಂದು ಕಣ್ಣು ಮುಚ್ಚಿ ಇಣುಕಬೇಕು.

ವಾರ್ಷಿಕ ಪರೀಕ್ಷೆಯಲ್ಲಿ x² − x − 2 ಮೇಲೆ, x² − 4 ಕೆಳಗೆ ಇದ್ದ ಪ್ರಶ್ನೆ ಬಂತು. ಅಭ್ಯಾಸಬಲದಿಂದ ಇಣುಕಿದೆ, ಕೈ ಎತ್ತಿದೆ, ತೋಳು ಚಾಚಿದೆ. ಇಣುಕಿದ ದಿಕ್ಕಿನಲ್ಲಿ ಬೇರೆ ಶಾಲೆಯಿಂದ ಕಾವಲಿಗೆ ಬಂದ ಸಾರ್ ನಿಂತಿದ್ದರು.

"ಎಂತ ಮಾರಾಯ, ನನಗೇ ಕಣ್ಣು ಹೊಡೀತೀಯಾ?"

"ಇಲ್ಲ ಸಾರ್, x ಎರಡಾದಲ್ಲಿ ತೂತು ಉಂಟು."

ಉತ್ತರ ಸರಿಯಿತ್ತು, ಪ್ರಯೋಜನವಾಗಲಿಲ್ಲ. ಹಿಂದಿನ ಬೆಂಚುಗಳಲ್ಲೂ ಕೈಗಳು ಏಳುತ್ತಿದ್ದವು. ನನ್ನ ಉತ್ತರಪತ್ರಿಕೆ ಪ್ರಿನ್ಸಿಪಾಲರ ಮೇಜಿಗೆ ಹೋಯಿತು. ನಕಲು ಎಂದಾದರೆ ಒಂದು ವರ್ಷ ಹೋದಂತೆ.

ಪ್ರಿನ್ಸಿಪಾಲರು ಚರಿತ್ರೆ ಕಲಿಸುವವರು, ಸಾಕ್ಷ್ಯ ಕೇಳಿದರು. ಮಾಷ್ ಓಡಿ ಬಂದು x² + 1 ಮೇಲೆ, x ಕೆಳಗೆ ಬರೆದು ತೋರಿಸಿದರು. ಪ್ರಿನ್ಸಿಪಾಲರು ನಮ್ಮಿಬ್ಬರನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿದರು. ನಾನು ಎಡಗೈ ನೆಟ್ಟಗೆ ಎತ್ತಿ, ಬಲಗೈ ಓರೆಯಾಗಿ ಮೇಲಕ್ಕೆ ಚಾಚಿದೆ. ಮಾಷ್ ನಿಂತದ್ದೂ ಹಾಗೆಯೇ.

"ನಕಲಲ್ಲ ಇದು," ಎಂದರು ಪ್ರಿನ್ಸಿಪಾಲರು, "ಪಾಠವೇ."

"ಗೊತ್ತುಂಟಾ?" ಎಂದು ಮಾಷ್ ಕಾವಲಿನ ಸಾರನ್ನು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಊಟ ಆಯ್ತಾ?"

ಉತ್ತರಪತ್ರಿಕೆ ವಾಪಸು ಸಿಕ್ಕಿತು, ಪಾಸಾದೆ. ಕನ್ನಡ ಬಲ್ಲ ಗಣಿತದ ಅಧ್ಯಾಪಕರು ಬೇಕೆಂದು ಊರವರು ಕೊಟ್ಟ ಅರ್ಜಿಗೆ ಈವರೆಗೆ ಉತ್ತರ ಬಂದಿಲ್ಲ. ಕೈ ಎತ್ತಬಾರದು, ಹಾಳೆ ಬೇಕಾದವರು ಕೆಮ್ಮತಕ್ಕದ್ದು ಎಂಬ ನಿಯಮ ಒಂದೇ ವಾರದಲ್ಲಿ ಬಂತು.

ಸೋಮವಾರ ತಂಗಿಯ ಮಗಳ ಮೊದಲ ಎರಡು ಕೆಮ್ಮಿಗೆ ಎರಡು ಹಾಳೆ ಸಿಕ್ಕವು. ಕೊನೆಯ ಗ್ರಾಫ್ ಬಿಡಿಸಲು ಜಾಗ ಸಾಲದೆ ಮೂರನೆಯ ಸಲ ಕೆಮ್ಮಿದಳು. ಬಿಸಿನೀರು ಬಂತು.