ವಿದೋಸಾವಾ ಮೇಲಕ್ಕೆ ಹೋದದ್ದು

ಬೆಲ್‌ಗ್ರೇಡಿನಲ್ಲಿ ಸಾವಾ ನದಿಯ ದಂಡೆಯುದ್ದಕ್ಕೂ ಹಾಡು ಕುಣಿತದ ಕ್ಲಬ್ಬುಗಳಿವೆ. ಅವುಗಳಲ್ಲೊಂದರ ನೆಲಮಾಳಿಗೆಯಲ್ಲಿ ವಿದೋಸಾವಾ ಇಪ್ಪತ್ತಾರು ವರ್ಷ, ಗಿರಾಕಿಗಳು ಬಿಚ್ಚಿಕೊಡುವ ಚಳಿಯ ಕೋಟುಗಳನ್ನು ಗೂಟಕ್ಕೆ ಹಾಕಿ ಕಾದಳು. ಮೇಲಿನ ಹಾಡು ಅವಳಿಗೆ ಛಾವಣಿಯ ಅದುರಾಟವಾಗಿ ಮಾತ್ರ ಗೊತ್ತು. ಜನರಿರುವಷ್ಟು ಹೊತ್ತು ಅವಳು ಜಾಗ ಬಿಟ್ಟು ಏಳುವಂತಿರಲಿಲ್ಲ.

ಇಪ್ಪತ್ತಾರನೆಯ ವರ್ಷ ಮಾರ್ಚಿನಲ್ಲೇ ಸೆಕೆ ಶುರುವಾಯಿತು. ಒಂದು ಶನಿವಾರ ಒಬ್ಬರೂ ಕೋಟು ತೊಟ್ಟು ಬರಲಿಲ್ಲ. ಬಾಗಿಲು ಕಾಯುವ ಸ್ರೇತೆನ್ ಇಣುಕಿ ನಕ್ಕ.

"ಏನ್ ದೊಡ್ಡಮ್ಮ, ಖಾಲಿ ಗೂಟ ಕಾಯ್ತಾ ಕೂತಿದ್ದೀರಾ? ಅದನ್ನ ಯಾರೂ ಕದಿಯಲ್ಲ, ಮೇಲೆ ಬನ್ನಿ."

"ಈ ಹಳೇ ಚಪ್ಪಲೀಲಾ? ಸುಮ್ನಿರೋ, ನಗಾಡ್ತಾರೆ."

"ನಿಮ್ಮ ಕಾಲು ನೋಡೋಕೆ ಅಲ್ಲಿ ಯಾರಿಗೆ ಪುರುಸೊತ್ತಿದೆ!"

ಅವಳು ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದಳು. ಸಾವಿರ ಜನ ಕುರ್ಚಿ ಮೇಜುಗಳ ಮೇಲೆ ನಿಂತು ಕೈಯೆತ್ತಿದ್ದರು. ಅಷ್ಟರಲ್ಲಿ ಗಾಯಕಿ ಹಾಡು ನಿಲ್ಲಿಸಿ ಮೈಕನ್ನು ಜನರತ್ತ ಚಾಚಿದಳು. ವಾದ್ಯಗಳೂ ಸುಮ್ಮನಾದವು. ಆ ಸಾವಿರ ಕಂಠಗಳು ಒಂದೇ ಉಸಿರಿನಲ್ಲಿ ಹಾಡನ್ನು ಮುಂದುವರಿಸಿದವು. ರೇಡಿಯೋದಲ್ಲಿ ಅವಳೂ ಆಗಾಗ ಕೇಳಿದ್ದ ಹಾಡು ಅದು. ವಿದೋಸಾವಾಳ ಮೈ ಜುಮ್ಮೆಂದಿತು. ವಾರವಾರವೂ ಮುಖ ಗಂಟಿಕ್ಕಿಕೊಂಡೇ ಕೋಟು ಕೊಡುತ್ತಿದ್ದ ಹಲ್ಲಿನ ಡಾಕ್ಟರು ಪಕ್ಕದಲ್ಲೇ ಕಣ್ಣುಮುಚ್ಚಿ ಹಾಡುತ್ತಿದ್ದರು. ಅವರ ಕೆನ್ನೆ ಒದ್ದೆಯಾಗಿತ್ತು.

"ಅಯ್ಯೋ ದೇವರೇ, ಇಷ್ಟೊಂದಾ!" ಎಂದಳು. ಅವಳ ಮಾತು ಅವಳಿಗೇ ಕೇಳಿಸಲಿಲ್ಲ.

ಡಾಕ್ಟರು ಕಣ್ಣುಬಿಟ್ಟು ಕೈ ಚಾಚಿದರು. ವಿದೋಸಾವಾ ಆ ಕೈ ಹಿಡಿದು ಕುರ್ಚಿ ಹತ್ತಿದಳು. ಪದ ಬಾರದ ಕಡೆ ಬರೀ ಬಾಯಾಡಿಸುತ್ತ, ಬಂದ ಕಡೆ ಗಂಟಲು ಬಿಚ್ಚಿ ಹಾಡಿದಳು.